ಚಿತ್ತೆಯ ಕೆಳಗಿನ ಆ ಮಸುಕು ಚುಕ್ಕಿ

ಮೇ ಶುರುವಿನಲ್ಲಿ, ಮಳೆಗಾಲ ಹಿಡಿಯುವ ಮುಂಚೆ, ತೀರ್ಥಹಳ್ಳಿ ಕಡೆಯ ಯಾವುದಾದರೂ ಎತ್ತರದ ಬ್ಯಾಣದಲ್ಲಿ ರಾತ್ರಿ ಹತ್ತೂವರೆ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಚಿತ್ತಾ ನಕ್ಷತ್ರದಿಂದ ನೇರ ಕೆಳಗೆ ಕಣ್ಣಿಳಿಸಿದರೆ ಒಂದು ಮಸುಕು ಚುಕ್ಕಿ ಕಾಣುತ್ತದೆ. ಅದು ಒಮೆಗಾ ಸೆಂಟಾರಿ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ, ಹತ್ತಿರ ಹತ್ತಿರ ಒಂದು ಕೋಟಿ ನಕ್ಷತ್ರಗಳು ಒತ್ತಿಕೊಂಡಿರುವ ಗೋಳ.

ಇದನ್ನು ಕೆಲವರು ನಕ್ಷತ್ರಗಳ ಗುಚ್ಛ ಅಂತಾರೆ, ಕೆಲವರು ಗ್ಯಾಲಕ್ಸಿಯ ತುಂಡು ಅಂತಾರೆ. ಕಪ್ಪುಕುಳಿಯ ಸುದ್ದಿ ಬಂದ ಮೇಲಂತೂ ಪೂರ್ತಿ ಗೋಜಲು.

ಪ್ರಾಚೀನ ಖಗೋಳಜ್ಞ ಟಾಲೆಮಿ ಇದನ್ನು ನಕ್ಷತ್ರ ಎಂದೇ ಪಟ್ಟಿ ಮಾಡಿದ್ದ, 1677ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಹ್ಯಾಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿ ಅಲ್ಲ ಎಂದ, ಹತ್ತೊಂಬತ್ತನೇ ಶತಮಾನದಿಂದ ಇದು ಬರೀ 'ದೊಡ್ಡ ಗುಚ್ಛ'.

ತೊಡಕು ಶುರುವಾಗಿದ್ದು ಕಬ್ಬಿಣದಿಂದ. ಗುಚ್ಛ ಅಂದರೆ ಒಂದೇ ಅನಿಲದ ಮೋಡದಿಂದ ಒಟ್ಟಿಗೆ ಹುಟ್ಟಿದ ನಕ್ಷತ್ರಗಳು, ಎಲ್ಲದರಲ್ಲೂ ಕಬ್ಬಿಣದ ಪ್ರಮಾಣ ಒಂದೇ ಇರಬೇಕು, ಅಲ್ವಾ? ಇಲ್ಲಿ ಹಾಗಿಲ್ಲ. ನಕ್ಷತ್ರದಿಂದ ನಕ್ಷತ್ರಕ್ಕೆ ಹತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ ಇದೆ ಎನ್ನುವುದು 1970ರ ದಶಕದಿಂದ ಸ್ಪಷ್ಟವಾಗುತ್ತಾ ಬಂತು. ಕಬ್ಬಿಣ ಬರುವುದು ಸೂಪರ್‌ನೋವಾದಿಂದ, ಅಂದರೆ ನಕ್ಷತ್ರ ಸ್ಫೋಟದಿಂದ. ಸಣ್ಣ ಗುಚ್ಛದಲ್ಲಿ ಆ ಸ್ಫೋಟದ ಅನಿಲ ಹೊರಗೆ ಹಾರಿಹೋಗುತ್ತದೆ. ಅದನ್ನು ಹಿಡಿದಿಟ್ಟು ಮತ್ತೆ ಹೊಸ ನಕ್ಷತ್ರ ಮಾಡಬೇಕಾದರೆ ಭಾರೀ ಗುರುತ್ವ ಬೇಕು. ಈಗ ಉಳಿದಿರುವ ಸುಮಾರು 40 ಲಕ್ಷ ಸೂರ್ಯರ ತೂಕ ಅದಕ್ಕೆ ಸಾಲದು ಅಂತ ನನಗನ್ನಿಸುತ್ತದೆ. 2004ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಇನ್ನೊಂದು ಅಚ್ಚರಿ ಸಿಕ್ಕಿತು: ಬಣ್ಣ ಮತ್ತು ಹೊಳಪಿನ ನಕ್ಷೆಯಲ್ಲಿಟ್ಟರೆ ಇಲ್ಲಿನ ಸಾಮಾನ್ಯ ನಕ್ಷತ್ರಗಳೇ ಎರಡು ಸಾಲಾಗಿ ಒಡೆದಿದ್ದವು, ಒಂದು ಸಾಲಿನಲ್ಲಿ ಹೀಲಿಯಂ ಜಾಸ್ತಿ. ಹೀಲಿಯಂ ವ್ಯತ್ಯಾಸ ಬೇರೆ ಗುಚ್ಛಗಳಲ್ಲೂ ಸಿಕ್ಕಿದೆ. ಕಬ್ಬಿಣ ಈ ಪರಿ ಬದಲಾಗುವುದೇ ಅಪರೂಪ.

ಹಾಗಾದರೆ ಇದು ಸುಲಿದ ಅಡಿಕೆಯ ಹಾಗೆ. ಒಂದು ಕುಬ್ಜ ಗ್ಯಾಲಕ್ಸಿ ನಮ್ಮ ಕ್ಷೀರಪಥಕ್ಕೆ ಸಿಕ್ಕಿ, ಸಿಪ್ಪೆ ಎಲ್ಲಾ ಹರಿದುಹೋಗಿ, ಒಳಗಿನ ಗಟ್ಟಿ ಕಾಯಿ ಮಾತ್ರ ಉಳಿಯಿತು. ಇದು ಸುಮ್ನೆ ಊಹೆಯಲ್ಲ. 1994ರಲ್ಲಿ ಪತ್ತೆಯಾದ ಧನು ರಾಶಿಯ ಕುಬ್ಜ ಗ್ಯಾಲಕ್ಸಿ ಈಗಲೂ ಹೀಗೇ ಚಿಂದಿಯಾಗುತ್ತಿದೆ, ಅದರ ನಟ್ಟನಡುವೆ ಎಂ54 ಎನ್ನುವ ದೊಡ್ಡ ಗುಚ್ಛ ಕೂತಿದೆ. 2019ರಲ್ಲಿ ಗಾಯಾ ಉಪಗ್ರಹದ ಅಳತೆಗಳಿಂದ ಒಮೆಗಾದಿಂದ ಉದುರಿದ ನಕ್ಷತ್ರಗಳ ಉದ್ದನೆಯ ಸಾಲೂ ಸಿಕ್ಕಿತು.

2024ರಲ್ಲಿ ನಡುಮಧ್ಯೆ ಏಳು ನಕ್ಷತ್ರಗಳು ವಿಪರೀತ ವೇಗದಲ್ಲಿ ಓಡುತ್ತಿರುವುದು ಕಂಡಿತು, ಕನಿಷ್ಠ 8,200 ಸೂರ್ಯರಷ್ಟು ತೂಕದ ಕಪ್ಪುಕುಳಿ ಇರಬೇಕು ಎಂದರು. ಇದು ಗ್ಯಾಲಕ್ಸಿಯ ತಿರುಳು ಎನ್ನುವುದಕ್ಕೆ ಅದೇ ಸಾಕ್ಷಿ ಎಂದು ಎಲ್ಲರೂ ಅದರ ಹಿಂದೆ ಬಿದ್ದಿದ್ದಾರೆ. ನನಗೆ ಮಾತ್ರ ಕಬ್ಬಿಣವೇ ಗಟ್ಟಿ ಸಾಕ್ಷಿ.

ಸುಮಾರು 1,000 ಕೋಟಿ ವರ್ಷದ ಹಿಂದೆ ಕ್ಷೀರಪಥ ನುಂಗಿದ ದೊಡ್ಡ ಗ್ಯಾಲಕ್ಸಿಯೊಂದರ ಅವಶೇಷ 2018ರಲ್ಲಿ ಗೊತ್ತಾಯಿತು. ಒಮೆಗಾ ಅದರದ್ದೇ ತಿರುಳು ಎಂದು ಕೆಲವರು, ಬೇರೆಯದರದ್ದು ಎಂದು ಇನ್ನು ಕೆಲವರು ಇನ್ನೂ ವಾದಿಸುತ್ತಿದ್ದಾರೆ.