ಅಧ್ಯಕ್ಷೆ ಬಂದ್ರೆ ನಲ್ಲೀಲಿ ನೀರು ಬರುತ್ತಾ?

ಮೊನ್ನೆ ಮದುವೆ ಊಟದ ಪಂಕ್ತೀಲಿ ಪಕ್ಕದಲ್ಲಿ ಕೂತಿದ್ದ ನೆಂಟ್ರೊಬ್ರು ಶುರು ಹಚ್ಕೊಂಡ್ರು, "ಈ ಫೆಮಿನಿಸಂ ಎಲ್ಲಾ ಇನ್ನೂ ಯಾಕಪ್ಪಾ ರಾಜಕೀಯದಲ್ಲಿ, ಹೆಂಗಸ್ರು ಓಟ್ ಹಾಕ್ತಾರೆ, ಎಲೆಕ್ಷನ್‌ಗೆ ನಿಲ್ತಾರೆ, ಪ್ರಧಾನಿ ರಾಷ್ಟ್ರಪತಿ ಎಲ್ಲಾ ಆಗಿದ್ದೂ ಆಯ್ತು." ಅಷ್ಟರಲ್ಲಿ ಹೋಳಿಗೆ ಬಂತು, ಮಾತು ಅಲ್ಲಿಗೇ ನಿಂತ್ಹೋಯ್ತು. ಆದ್ರೆ ಹೆಂಗಸ್ರು ಅಧಿಕಾರಕ್ಕೆ ಬಂದ್ರೆ ಊರಲ್ಲಿ ಏನಾದ್ರೂ ಬದಲಾಗುತ್ತಾ ಅನ್ನೋದು ಬರೀ ವಾದ ಮಾಡೋ ವಿಷಯ ಅಲ್ಲ, ಅಳತೆ ಮಾಡಿ ನೋಡಿದಾರೆ, ಅದೂ ನಮ್ಮ ದೇಶದ ಹಳ್ಳಿಗಳಲ್ಲೇ.

ಸಾಮಾನ್ಯವಾಗಿ ಇಂಥದ್ದನ್ನ ಅಳೆಯೋದೇ ಕಷ್ಟ. ಹೆಣ್ಮಗಳೊಬ್ಳು ತಾನೇ ನಿಂತು ಗೆದ್ದು ಬಂದಿರೋ ಊರಲ್ಲಿ ನೀರು ಚೆನ್ನಾಗಿದೆ ಅಂದ್ಕೊಳಿ, ಅದು ಅವಳಿಂದ ಆಗಿದ್ದಾ, ಇಲ್ಲಾ ಆ ಊರೇ ಮೊದ್ಲಿಂದ ಸ್ವಲ್ಪ ಓದ್ಕೊಂಡಿರೋ ಚುರುಕಾದ ಊರಾಗಿದ್ದಕ್ಕೇ ಅವಳೂ ಗೆದ್ಲು ನೀರೂ ಬಂತಾ ಅಂತ ಹೇಳೋಕಾಗಲ್ಲ. ಗಟ್ಟಿಮುಟ್ಟಾಗಿರೋರಿಗೆ ಮಾತ್ರ ಮಾತ್ರೆ ಕೊಟ್ಟು, ನೋಡಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತು ಅಂದಂಗೆ. ಔಷಧಿ ಟ್ರಯಲ್‌ನಲ್ಲಿ ಅದಕ್ಕೇ ಯಾರಿಗೆ ಮಾತ್ರೆ ಯಾರಿಗಿಲ್ಲ ಅನ್ನೋದನ್ನ ಲಾಟರಿ ಥರ ತೀರ್ಮಾನ ಮಾಡೋದು.

ಪಂಚಾಯ್ತಿ ಮೀಸಲಾತಿ ಅಂದ್ರೆ ಒಂಥರಾ ಅದೇ ಲಾಟರಿ! 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪ್ರಕಾರ ಮೂರರಲ್ಲಿ ಒಂದು ಭಾಗ ಅಧ್ಯಕ್ಷ ಸ್ಥಾನ ಹೆಂಗಸ್ರಿಗೆ ಹೋಗ್ಬೇಕು, ಯಾವ ಪಂಚಾಯ್ತಿಗೆ ಅನ್ನೋದು ಸರದಿ ಮೇಲೆ. ಪಶ್ಚಿಮ ಬಂಗಾಳ, ರಾಜಸ್ಥಾನದಲ್ಲಿ ಅದನ್ನ ಯಾರಿಗೂ ಕೈ ಹಾಕೋಕಾಗದ ಹಾಗೆ ಲೆಕ್ಕದ ಮೇಲೆ ಹಂಚಿದ್ರು, ಹಂಗಾಗಿ ಮೀಸಲಾದ ಊರಿಗೂ ಆಗದ ಊರಿಗೂ ಮೊದ್ಲಿಂದ ಬೇರೆ ಏನೂ ವ್ಯತ್ಯಾಸ ಇರ್ಲಿಲ್ಲ. ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೋ (ಆಮೇಲೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚ್ಕೊಂಡೋರು ಈ ಡುಫ್ಲೋನೇ) ಅನ್ನೋ ಸಂಶೋಧಕರು ಈ ಎರಡು ರಾಜ್ಯದ 265 ಪಂಚಾಯ್ತಿಗಳ ಕಡತ, ಕಾಮಗಾರಿ ಎಲ್ಲಾ ನೋಡಿ 2004ರಲ್ಲಿ ಪ್ರಕಟ ಮಾಡಿದ್ರು. ಮೊದ್ಲು ಊರಲ್ಲಿ ಯಾರು ಯಾವುದಕ್ಕೆ ದೂರು ತರ್ತಾರೆ ಅಂತ ನೋಡಿದ್ರು. ರಾಜಸ್ಥಾನದಲ್ಲಿ ಹೆಂಗಸ್ರ ದೂರು ಹೆಚ್ಚಾಗಿ ಕುಡಿಯೋ ನೀರಿಂದು, ಕೊಡ ಹೊರೋರು ಅವರೇ ತಾನೇ, ಗಂಡಸ್ರದ್ದು ಹೆಚ್ಚಾಗಿ ರಸ್ತೇದು. ಅಧ್ಯಕ್ಷೆ ಇದ್ದ ಕಡೆ ನೀರಿನ ಕೆಲಸ ಜಾಸ್ತಿ ಆಗಿತ್ತು, ರಸ್ತೆ ಕೆಲಸ ಕಮ್ಮಿ. ಬಂಗಾಳದಲ್ಲಿ ಹೆಂಗಸ್ರು ರಸ್ತೇನೂ ಕೇಳ್ತಿದ್ರು, ಅಲ್ಲಿ ನೀರು ರಸ್ತೆ ಎರಡೂ ಜಾಸ್ತಿ. ನಂಗೆ ಇಷ್ಟ ಆಗಿದ್ದು ಇದೇ, "ಹೆಂಗಸ್ರು ಅಂದ್ರೆ ನೀರು" ಅನ್ನೋ ಸಿದ್ಧ ಉತ್ತರ ಬರ್ಲಿಲ್ಲ, ಆಯಾ ಊರಿನ ಹೆಂಗಸ್ರು ಏನು ಕೇಳ್ತಿದ್ರೋ ಆ ಕಡೆ ದುಡ್ಡು ಹರೀತು.

ಇನ್ನೊಂದು ಅಧ್ಯಯನ ಇನ್ನೂ ಮಜಾ ಇದೆ. ಬಂಗಾಳದ ಬೀರ್‌ಭೂಮ್ ಜಿಲ್ಲೇಲಿ ಊರಿನ ನಾಯಕರೊಬ್ರು ಮಾಡೋ ಒಂದೇ ಭಾಷಣಾನ, ಒಂದಕ್ಷರ ಬದಲಾಯಿಸ್ದೆ, ಒಂದ್ಸಲ ಗಂಡು ದನೀಲಿ ಒಂದ್ಸಲ ಹೆಣ್ಣು ದನೀಲಿ ರೆಕಾರ್ಡ್ ಮಾಡಿ ಒಬ್ಬೊಬ್ರಿಗೆ ಒಂದೊಂದು ಕೇಳಿಸಿ, ಇವರು ಎಂಥ ಲೀಡರ್ ಅಂತ ಮಾರ್ಕ್ಸ್ ಹಾಕಿ ಅಂದ್ರು. ಯಾವತ್ತೂ ಅಧ್ಯಕ್ಷೆ ನೋಡದ ಊರಿನ ಗಂಡಸ್ರು ಹೆಣ್ಣು ದನಿಗೆ ಕಮ್ಮಿ ಹಾಕಿದ್ರು, ಅದೇ ಮಾತು ಕಣ್ರೀ! ಮೀಸಲಾತೀಲಿ ಅಧ್ಯಕ್ಷೆ ಬಂದು ಹೋಗಿದ್ದ ಊರುಗಳಲ್ಲಿ ಆ ವ್ಯತ್ಯಾಸ ಹೆಚ್ಚುಕಮ್ಮಿ ಮಾಯ. ಹಂಗಂತ ನೇರ ಕೇಳಿದ್ರೆ "ಗಂಡಸೇ ಲೀಡರ್ ಆಗಿದ್ರೆ ಚೆಂದ" ಅನ್ನೋ ಅಭಿಪ್ರಾಯ ಬದಲಾಗಿರ್ಲಿಲ್ಲ, ಇಷ್ಟ ಇಲ್ಲದಿದ್ರೂ ಕೆಲಸ ಬರುತ್ತೆ ಅಂತ ಒಪ್ಕೊಂಡಿದ್ರು ಅಷ್ಟೇ. ಎರಡು ಅವಧಿ ಸತತವಾಗಿ ಮೀಸಲಾದ ಕಡೆ ಆಮೇಲೆ ಜನರಲ್ ಸೀಟಲ್ಲೂ ಹೆಂಗಸ್ರು ಜಾಸ್ತಿ ನಿಂತ್ರು, ಗೆದ್ರು. 11ರಿಂದ 15 ವರ್ಷದ ಮಕ್ಕಳನ್ನ ಕೇಳಿದಾಗ ಅಂಥ ಊರಲ್ಲಿ ಮುಂದೆ ಏನಾಗ್ಬೇಕು ಅನ್ನೋದ್ರಲ್ಲಿ ಹುಡುಗ ಹುಡುಗೀರ ಕನಸಿನ ಅಂತರ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು, ಓದಿನ ಅಂತರ ಇರ್ಲೇ ಇಲ್ಲ, ಹುಡುಗೀರಿಗೆ ಮನೆಗೆಲಸಾನೂ ಕಮ್ಮಿ ಆಗಿತ್ತು.

ನಮ್ಮ ರಾಜ್ಯ ಇದರಲ್ಲಿ ಮುಂದಿತ್ತು, 1983ರ ಕಾಯ್ದೆಯಲ್ಲೇ ಹೆಂಗಸ್ರಿಗೆ 25% ಕೊಟ್ಟಿದ್ದು, ಅದರ ಹಿಂದಿದ್ದೋರು ಆಗ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್, ಬೋರ್‌ವೆಲ್ ಕೊರೆಸಿ ಕೊರೆಸಿ ನೀರ್ ಸಾಬ್ ಅನ್ನಿಸ್ಕೊಂಡೋರು. ಈಗ ಪಂಚಾಯ್ತೀಲಿ ಅರ್ಧ. ವಿಧಾನಸಭೆಗೆ ಬನ್ನಿ, 2023ರಲ್ಲಿ 224ಕ್ಕೆ ಗೆದ್ದ ಹೆಂಗಸ್ರು 10. ಮೂರನೇ ಒಂದು ಭಾಗ ಕೊಡೋ 106ನೇ ತಿದ್ದುಪಡಿ ಅದೇ ವರ್ಷ ಪಾಸಾಯ್ತು, ಜನಗಣತಿ ಆಗಿ ಕ್ಷೇತ್ರ ಮರುವಿಂಗಡಣೆ ಆದ್ಮೇಲೆ ಅನ್ನೋ ಷರತ್ತು ಹಾಕ್ಕೊಂಡು.

"ಅಯ್ಯೋ ಸಹಿ ಹಾಕೋದು ಹೆಂಡ್ತಿ, ಆಳೋದು ಗಂಡ" ಅಂತೀರಾ, ಅದೂ ನಿಜಾನೇ. ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಅಧ್ಯಕ್ಷೆ ಇದ್ದ ಊರಿಗೂ ಇಲ್ಲದ್ದಕ್ಕೂ ಒಟ್ಟಾರೆ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಆದ್ರೆ ಅನುಭವ ಇದ್ದು, ಮೇಲ್ಜಾತಿ ಜಮೀನ್ದಾರ್ರ ಹಿಡಿತ ಕಮ್ಮಿ ಇರೋ ಕಡೆ ಅವರು ಚೆನ್ನಾಗಿ ಮಾಡಿದ್ರು. ಅನುಭವ ಬರೋಷ್ಟೊತ್ತಿಗೆ ಸರದಿ ಮುಗಿದಿರುತ್ತೆ, ಅದೇ ತಲೆನೋವು.

ನಮ್ಮ ದೊಡ್ಡಮ್ಮಾನೂ ಹಂಗೇ ಮೆಂಬರ್ ಆದೋರು. ಮೊದಲ ವರ್ಷ ಮೀಟಿಂಗಿಗೆ ದೊಡ್ಡಪ್ಪಾನೇ ಹೋಗ್ತಿದ್ದಿದ್ದು, ಇವರು ಮನೇಲೇ ರಿಜಿಸ್ಟರ್‌ಗೆ ಸಹಿ ಹಾಕೋರು. ನೀರುಗಂಟಿ ಮಧ್ಯಾಹ್ನ ಎರಡಕ್ಕೆ ನೀರು ಬಿಡ್ತಿದ್ದ, ಹೆಂಗಸ್ರೆಲ್ಲಾ ಆಗ ಹೊಲದಲ್ಲೋ ಖಾತ್ರಿ ಕೆಲಸದಲ್ಲೋ ಇರ್ತಿದ್ರು, ಕೊಡ ತುಂಬ್ಸೋರೇ ಇಲ್ಲ, ನೀರು ಚರಂಡಿ ಪಾಲು. ಒಂದಿನ ತಡೆಯೋಕಾಗ್ದೆ ಸೆರಗು ಸಿಗಿಸ್ಕೊಂಡು ತಾವೇ ಹೋಗಿ ಪಿಡಿಒ (ಪಂಚಾಯ್ತಿ ಅಧಿಕಾರಿ) ಮುಂದೆ ಕೂತ್ಕೊಂಡು ಬೆಳಗ್ಗೆ ಆರಕ್ಕೆ ಬಿಡೋ ಹಂಗೆ ಮಾಡಿಸಿದ್ರು, ಅಲ್ಲಿಂದ ಒಂದು ಮೀಟಿಂಗೂ ತಪ್ಪಿಸ್ಲಿಲ್ಲ. ಮುಂದಿನ ಸಲ ಸೀಟು ಜನರಲ್ ಆಯ್ತು, ದೊಡ್ಡಪ್ಪ ನಿಂತು ಸೋತ್ರು. ನೀರು ಇನ್ನೂ ಆರಕ್ಕೇ ಬರುತ್ತೆ.