ಪ್ಲಾಸ್ಟಿಕ್ ತನ್ನ ಮೊದಲ ಮಡಿಕೆ ಬಿಡುವುದಿಲ್ಲ

ಬಂದೂಕಿಗೆ ಹಾಕೋ ಕಾಡತೂಸಿನ (ಮದ್ದು, ಚರೆ ತುಂಬಿದ ಕೊಳವೆ) ಬಾಯಿ ಮಡಚೋದು ಚರೆ, ಅಂದರೆ ಒಳಗಿನ ಸಣ್ಣ ಗುಂಡುಗಳು, ಚೆಲ್ಲದಿರಲಿ ಅಂತ, ಅಷ್ಟೇ ಎಂದು ನಂಬಿದವರೇ ಜಾಸ್ತಿ. ಖಾನಾಪುರದ ಕಡೆ ಬೆಳೆ ಕಾಯೋಕೆ ಲೈಸೆನ್ಸ್ ಬಂದೂಕು ಇಟ್ಟುಕೊಂಡಿರುವ ನಮ್ಮ ಕಾಕಾ ಒಬ್ಬರಿದ್ದಾರೆ. ಅವರ ಮುಂದೆ ಈ ಮಾತು ತೆಗೆದರೆ, "ಅದ್ರಾಗೇನೈತೋ ತಮ್ಮಾ, ಬಾಯಿ ಮುಚ್ಚಿದ್ರ ಆತು, ಮಡಿಕಿ ಆರಾದ್ರೇನು ಎಂಟಾದ್ರೇನು" ಅನ್ನುತ್ತಾರೆ. ಹಂದಿ ಓಡಿಸೋಕೆ ಮೇಲಕ್ಕೆ ಹಾರಿಸಿದ ಗುಂಡು ಠುಸ್ ಅಂತು ಅನ್ನಿ, ಮದ್ದು ಥಂಡಿ ಹಿಡಿದಿತ್ತು ಎಂದು ಒಬ್ಬರು, ಅಮಾವಾಸ್ಯೆ ದಿನ ಬಂದೂಕು ಮುಟ್ಟಬಾರದಿತ್ತು ಎಂದು ಇನ್ನೊಬ್ಬರು. ಖಂಡೆ ಪೂಜೆಯಲ್ಲಿ ನಿಂಬೆಹಣ್ಣು ಕೊಯ್ಯೋದು ಮರೆತದ್ದಕ್ಕೂ ಒಮ್ಮೊಮ್ಮೆ ತಪ್ಪು ಹೋಗುತ್ತದೆ. ಮದ್ದು ಥಂಡಿ ಹಿಡಿಯೋದು ನಿಜ, ಒಪ್ಪೋಣ. ಉಳಿದೆರಡು ಬಿಡಿ. ಆದರೆ ಬಾಯಿಯ ಮಡಿಕೆಯನ್ನು ಯಾರೂ ಅನುಮಾನಿಸುವುದೇ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಳಸಿದ ಕಾಡತೂಸಿಗೆ ಮತ್ತೆ ಮದ್ದು ತುಂಬೋದು ಅಮೆರಿಕ, ಬ್ರಿಟನ್ ಕಡೆ ಟ್ರ್ಯಾಪ್, ಸ್ಕೀಟ್ (ಹಾರುವ ಬಿಲ್ಲೆಗೆ ಗುರಿಯಿಡೋ ಆಟಗಳು) ಆಡುವವರ ಹಳೆಯ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ. ಹಾಗಾಗಿ ಇದನ್ನು ಓದಿ ಯಾರೂ ಕೈಹಾಕಬೇಡಿ. ನನಗೆ ಮಜಾ ಅನಿಸಿದ್ದು ಅದರ ಪ್ಲಾಸ್ಟಿಕ್ಕು.

ಕಾಕಾ ಕೊಟ್ಟ ಖಾಲಿ ಕಾಡತೂಸು ಒಂದು ಈಗ ನನ್ನ ಮೇಜಿನ ಮೇಲಿದೆ. ಕೆಂಪು ಕೊಳವೆ, ಬುಡಕ್ಕೆ ಹಿತ್ತಾಳೆ ಬಣ್ಣದ ಟೊಪ್ಪಿಗೆ, ಒಳಗೆ ಕಾಡಿಗೆಯಂಥ ಮಸಿ. ಬಾಯಿಯ ಅಂಚಿಗೆ ಬೆರಳು ಆಡಿಸಿದರೆ ಏರಿಳಿತ ಕೈಗೆ ಸಿಗುತ್ತದೆ. ಒಳಕ್ಕೆ ಬಾಗಿದ ಗೆರೆ ಎಂಟು, ಎರಡರ ನಡುವೆ ಹೊರಕ್ಕೆ ಉಬ್ಬಿದ ಗೆರೆ ಎಂಟು. ಬೆಳಕಿಗೆ ಹಿಡಿದರೆ ಪ್ರತಿ ಗೆರೆಯ ಮೇಲೂ ಕೆಂಪು ಮಾಸಿ ಬಿಳಿಚಿಕೊಂಡಿದೆ. ಗುಂಡು ಹಾರುವಾಗ ಬಾಯಿ ಪೂರ್ತಿ ಬಿಚ್ಚಿ ನಳಿಗೆಗೆ ಒತ್ತಿ ನಿಂತಿತ್ತು. ಆದರೂ ಹೊರಗೆ ತೆಗೆದ ಮೇಲೆ ಅಂಚು ಮತ್ತೆ ಒಳಕ್ಕೆ ವಾಲಿದೆ, ಮಡಚಿಕೊಳ್ಳೋಕೆ ಹೊರಟ ಹಾಗೆ.

ಆ ಬಿಳಿ ಗೆರೆಯಲ್ಲೇ ಎಲ್ಲ ಕಥೆ ಇದೆ. ಈ ಕೊಳವೆಯ ಪ್ಲಾಸ್ಟಿಕ್ಕು ಪಾಲಿಎಥಿಲೀನ್. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಫಾಸೆಟ್ ಮತ್ತು ಗಿಬ್ಸನ್ ಭಾರೀ ಒತ್ತಡದಲ್ಲಿ ಬೇರೇನೋ ಪ್ರಯೋಗ ಮಾಡುತ್ತಿದ್ದಾಗ ಮೇಣದಂಥ ಬಿಳಿ ಪದಾರ್ಥ ಸಿಕ್ಕಿತು, ಅದೇ ಇದರ ಹುಟ್ಟು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲೇ ಗಟ್ಟಿ ಜಾತಿಯ ಪಾಲಿಎಥಿಲೀನ್ ಮಾಡೋ ದಾರಿ ಕಂಡುಹಿಡಿದ. 1963ರಲ್ಲಿ ಅವನಿಗೂ ಇಟಲಿಯ ನಟ್ಟಾಗೂ ಸೇರಿ ನೊಬೆಲ್ ಬಂತು. ಈ ಗಟ್ಟಿ ಪ್ಲಾಸ್ಟಿಕ್ಕು ಬರೋವರೆಗೆ ಕಾಡತೂಸು ಹೆಚ್ಚಾಗಿ ಕಾಗದದ ಕೊಳವೆಯಾಗಿತ್ತು, ಮಳೆಯಲ್ಲಿ ನೆನೆದರೆ ಊದಿಕೊಂಡು ಬಂದೂಕಿಗೆ ಇಳಿಯುತ್ತಲೇ ಇರಲಿಲ್ಲ.

ಪಾಲಿಎಥಿಲೀನಿನ ಒಳಗೆ ಸಾವಿರಾರು ಕಾರ್ಬನ್ ಪರಮಾಣುಗಳ ಉದ್ದುದ್ದ ಸರಪಳಿಗಳಿವೆ. ಕೆಲವು ಕಡೆ ಅವು ಒಪ್ಪವಾಗಿ ಜೋಡಿಸಿಕೊಂಡು ಹರಳಾಗಿವೆ, ಕೆಲವು ಕಡೆ ಸಿಕ್ಕುಸಿಕ್ಕಾಗಿವೆ. ಮೆಲ್ಲಗೆ ಬಗ್ಗಿಸಿ ಬಿಟ್ಟರೆ ವಾಪಸು ಬರುತ್ತವೆ. ಚೂಪಾಗಿ ಮಡಚಿದರೆ ಹರಳುಗಳು ಜಾರುತ್ತವೆ, ಸರಪಳಿಗಳು ಎಳೆದುಕೊಂಡು ಹೊಸ ಜಾಗದಲ್ಲಿ ಕೂತುಬಿಡುತ್ತವೆ, ನಡುವೆ ಕಣ್ಣಿಗೆ ಕಾಣದ ಪುಟ್ಟ ಪೊಳ್ಳುಗಳು ಏಳುತ್ತವೆ. ಬೆಳಕು ಆ ಪೊಳ್ಳುಗಳಲ್ಲಿ ಚದುರುತ್ತದೆ, ಅದಕ್ಕೇ ಗೆರೆ ಬಿಳಿ. ಆ ಜಾಗದಲ್ಲಿ ಗೋಡೆ ತೆಳುವೂ ಆಗಿರುತ್ತದೆ. ತೆಳು ಅಂದರೆ ಎಷ್ಟು ಅನ್ನೋದು ಇಲ್ಲಿ ಮುಖ್ಯ, ಯಾಕಂದರೆ ಹಾಳೆಯ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಐದರಲ್ಲಿ ಒಂದು ಪಾಲು ತೆಳುವಾದರೆ ಸಾಕು, 0.8 ಗುಣಿಸು 0.8 ಗುಣಿಸು 0.8, ಬಿಗಿತ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮುಂದಿನ ಸಲ ಒತ್ತಿದಾಗ ಅದು ಎಲ್ಲಿ ಬಗ್ಗಬೇಕು ಹೇಳಿ?

ಪ್ಲಾಸ್ಟಿಕ್ಕಿನ ನೆನಪು ಅಂತ ಇದನ್ನೇ ಕರೆಯುತ್ತಾರೆ. ದಯವಿಟ್ಟು ಇದನ್ನು ನೀರಿಗೆ ನೆನಪಿದೆ, ಮಂತ್ರ ಹೇಳಿದರೆ ಕೇಳಿಸಿಕೊಳ್ಳುತ್ತದೆ ಅನ್ನೋ ವಾಟ್ಸಾಪ್ ವಿಜ್ಞಾನದ ಜೊತೆ ಕಟ್ಟಬೇಡಿ. ನೀರಿನ ಅಣುಗಳ ನಡುವಿನ ಕೊಂಡಿ ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದ ಆಸುಪಾಸಿನಲ್ಲಿ ಕಡಿದು ಬೇರೆ ಕಡೆ ಕೂಡುತ್ತದೆ. ಪಾಲಿಎಥಿಲೀನಿನ ಸಿಕ್ಕು ಹಾಗಲ್ಲ. ಅದರ ಹರಳು ಕರಗಿ ಮತ್ತೆ ಹೊಸದಾಗಿ ಕೂರಬೇಕಾದರೆ ಸುಮಾರು 130 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಬಿಸಿಗೆ ಕೊಳವೆಯೇ ಮುದ್ದೆಯಾಗುತ್ತದೆ.

ಇಳಕಲ್ ಸೀರೆ ಇರುವ ಮನೆಯವರಿಗೆ ಇದು ಹೊಸದೇನಲ್ಲ. ಟ್ರಂಕಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಸೆರಗಿನ ರೇಷ್ಮೆ ಸರಿಯಾಗಿ ಆ ಗೆರೆಯಲ್ಲೇ ಸೀಳುತ್ತದೆ. ಅದಕ್ಕೇ ಅಜ್ಜಿಯರು ಆಗಾಗ ಹೊರಗೆ ತೆಗೆದು ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡೋದು. ಆದರೆ ಗೆರೆ ಇನ್ನೂ ಎಳಸಾಗಿದ್ದಾಗ ಮಾತ್ರ ಆ ಉಪಾಯ ನಡೆಯುತ್ತದೆ, ಸೀರೆಗೆ ಗೆರೆ ಬೀಳೋಕೆ ವರ್ಷಗಳು ಬೇಕು. ಕಾಡತೂಸಿಗೆ ಅದು ಫ್ಯಾಕ್ಟರಿಯ ಒಂದೇ ಒತ್ತಿನಲ್ಲಿ ಬಿದ್ದಿರುತ್ತದೆ.

ಈಗ ಮತ್ತೆ ಮದ್ದು ತುಂಬಿ, ಎಂಟು ಮಡಿಕೆಯ ಈ ಬಾಯಿಗೆ ಆರು ಮಡಿಕೆ ಹಾಕೋಕೆ ಹೋದರೆ ಏನಾಗುತ್ತದೆ, ಲೆಕ್ಕ ಹಾಕೋಣ. ಹನ್ನೆರಡು ಬೋರಿನ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ) ಕೊಳವೆಯ ಸುತ್ತಳತೆ ಸುಮಾರು 64 ಮಿಲಿಮೀಟರ್. ಎಂಟರ ಒಳಗೆರೆಗಳು 45 ಡಿಗ್ರಿಗೊಂದು, ಆರರವು 60 ಡಿಗ್ರಿಗೊಂದು. ಸೊನ್ನೆಯಲ್ಲಿ ಎರಡನ್ನೂ ಕೂಡಿಸಿ ಶುರು ಮಾಡಿದರೆ ಮತ್ತೆ ಅವು ಸೇರೋದು 180ರಲ್ಲಿ, ಅಷ್ಟೇ. ಇದಕ್ಕಿಂತ ಕೆಟ್ಟ ಸುದ್ದಿ ನಡುವೆ ಇದೆ. ಹಳೆಯ ಹೊರಗೆರೆ ಒಂದು 67.5 ಡಿಗ್ರಿಯಲ್ಲಿದೆ, ಹೊಸ ಒಳಗೆರೆ 60ರಲ್ಲಿ ಬೀಳಬೇಕು. ವ್ಯತ್ಯಾಸ 7.5 ಡಿಗ್ರಿ, ಅಂದರೆ ಅಂಚಿನ ಮೇಲೆ 1.3 ಮಿಲಿಮೀಟರ್. ಒಮ್ಮೆ ಹೊರಕ್ಕೆ ಉಬ್ಬಿ ದುರ್ಬಲವಾದ ಜಾಗದ ಪಕ್ಕದಲ್ಲೇ ಈಗ ಒಳಕ್ಕೆ ಬಾಗು ಅಂತಿದ್ದೇವೆ. ಅದು ಬಾಗಲ್ಲ. ಸೊಟ್ಟಗೆ ತಿರುಚಿಕೊಳ್ಳುತ್ತದೆ, ಒಂದು ಎಸಳು ದೊಡ್ಡದು ಒಂದು ಚಿಕ್ಕದಾಗುತ್ತದೆ, ನಡುವೆ ತೂತು ಉಳಿದು ಸಣ್ಣ ಚರೆ ಅಲ್ಲಿಂದ ಸೋರುತ್ತದೆ. ಅದಕ್ಕೇ ಅಮೆರಿಕ, ಬ್ರಿಟನ್ನಿನ ಅನುಭವಸ್ಥರು ಮಡಿಕೆ ಶುರು ಮಾಡೋ ಅಚ್ಚನ್ನು ಆರಕ್ಕೆ ಬೇರೆ, ಎಂಟಕ್ಕೆ ಬೇರೆ ಇಟ್ಟುಕೊಂಡಿರುತ್ತಾರೆ, ಮೊದಲು ಹಳೆಯ ಗೆರೆ ಎಣಿಸುತ್ತಾರೆ. ಬಿಸಿ ಸಲಾಕೆಯಿಂದ ಖಾಲಿ ಬಾಯಿಯನ್ನು ಇಸ್ತ್ರಿ ಮಾಡುವವರೂ ಇದ್ದಾರೆ. ಅಂಚು ದುಂಡಗಾಗುತ್ತದೆ ನಿಜ, ಗೆರೆಯೊಳಗಿನ ಪೊಳ್ಳು ಮಾತ್ರ ಹಾಗೇ ಇರುತ್ತದೆ.

ಸೋರಿದರೆ ಸೋರಲಿ, ಅದರಿಂದ ಗುಂಡಿಗೇನು ಅನ್ನಬಹುದು. ಇದಕ್ಕೆ ಉತ್ತರ ಬೇಕಾದರೆ ವಿಜಯಪುರಕ್ಕೆ ಹೋಗಿ ಬರಬೇಕು. ಅಲ್ಲಿ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ವಾ? ಅಹ್ಮದ್‌ನಗರದಲ್ಲಿ 1549ರಲ್ಲಿ ಎರಕ ಹೊಯ್ದದ್ದು. 1565ರ ತಾಳಿಕೋಟೆ ಯುದ್ಧದಲ್ಲಿ ತೋಪುಗಳಿಗೆ ತಾಮ್ರದ ನಾಣ್ಯದ ಚೀಲ ತುಂಬಿ ಹಾರಿಸಿದರು ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಚರೆ ಕಾಡತೂಸಿನ ಮುತ್ತಜ್ಜ ಅನ್ನಬೇಕು ಅದನ್ನು! ಅದಕ್ಕೆ ಯಾವ ಮಡಿಕೆಯೂ ಇರಲಿಲ್ಲ. ಮುಧೋಳದ ಹತ್ತಿರ ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲ್ಲ ಅಂತ ಬ್ರಿಟಿಷರಿಗೆ ಸೆಟೆದು ನಿಂತಾಗಲೂ ಬಂದೂಕಿಗೆ ಹಾಕುತ್ತಿದ್ದದ್ದು ಕರಿಮದ್ದೇ. ಬಾಯಿಯಿಂದ ಮದ್ದು ಸುರಿದು, ಮೇಲೆ ಏನಾದರೂ ತುರುಕಿ, ಗಜದಿಂದ ಜಡಿದರೆ ಆಯಿತು. ಕರಿಮದ್ದು ಒತ್ತಡಕ್ಕೆ ಅಷ್ಟಾಗಿ ಕಾಯೋದಿಲ್ಲ, ಸುಮಾರಾಗಿ ಮುಚ್ಚಿದ್ದರೂ ಭಗ್ ಅಂತ ಉರಿಯುತ್ತದೆ. ಬಾಯಿ ಹೇಗಿದ್ದರೂ ನಡೆಯುತ್ತದೆ ಅನ್ನೋ ನಂಬಿಕೆ ಆ ಕಾಲದಿಂದ ಇಳಿದು ಬಂದಿದೆ ಅನ್ನೋದು ನನ್ನ ಗುಮಾನಿ.

1884ರಲ್ಲಿ ಫ್ರಾನ್ಸಿನ ಪೋಲ್ ವಿಯೆಲ್ ಹೊಗೆಯಿಲ್ಲದ ಮದ್ದು ಮಾಡಿದ ಮೇಲೆ ಆಟ ಬದಲಾಯಿತು. ಈ ಮದ್ದನ್ನು ಬಯಲಲ್ಲಿ ಹಚ್ಚಿದರೆ ಬರೀ ಜ್ವಾಲೆ, ಸದ್ದೇ ಇಲ್ಲ. ಮುಚ್ಚಿದ ಜಾಗದಲ್ಲಿ ಒತ್ತಡ ಏರಿದಷ್ಟೂ ಉರಿಯೋ ವೇಗ ಏರುತ್ತದೆ, ವೇಗ ಏರಿದಷ್ಟೂ ಒತ್ತಡ. ಈ ಸುತ್ತು ಹತ್ತಿಕೊಳ್ಳೋವರೆಗೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು, ಚರೆಯ ಭಾರದ ಜೊತೆಗೆ ತಡೆದು ಹಿಡಿಯೋದು ಈ ಮಡಿಕೆ. ಸಡಿಲವಾಗಿದ್ದರೆ ಬೇಗ ಬಿಚ್ಚುತ್ತದೆ, ಒತ್ತಡ ಏಳುವುದಿಲ್ಲ, ಅರೆಬೆಂದ ಮದ್ದು ನಳಿಗೆಯಲ್ಲಿ ಉಳಿಯುತ್ತದೆ. ಕಾಕಾ ಹೇಳೋ ಠುಸ್ಸಿಗೆ ಇದೂ ಒಂದು ಕಾರಣ. ಕೆಲವೊಮ್ಮೆ ಮದ್ದಿಗೂ ಚರೆಗೂ ನಡುವೆ ಅಡ್ಡ ಇಟ್ಟಿರೋ ವ್ಯಾಡ್ ಅನ್ನೋ ಬಿರಡೆ ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ನೋಡದೆ ಇನ್ನೊಂದು ಗುಂಡು ಹಾರಿಸಿದರೆ ನಳಿಗೆ ಸೀಳಬಹುದು.

ಉಲ್ಟಾ ಅಪಾಯವೂ ಇದೆ. ಹಳೆ ಕಾಲದ ಬಾಯಿಯಲ್ಲಿ ನಕ್ಷತ್ರದ ಮಡಿಕೆ, ಅಂದರೆ ಈ ಆರೋ ಎಂಟೋ ಎಸಳಿನ ಮಡಿಕೆ, ಇರಲಿಲ್ಲ. ಚರೆಯ ಮೇಲೆ ರಟ್ಟಿನ ಬಿಲ್ಲೆ ಇಟ್ಟು ಅಂಚನ್ನು ಒಳಕ್ಕೆ ಸುರುಳಿ ಸುತ್ತುತ್ತಿದ್ದರು. ಸುರುಳಿ ಬೇಗ ಬಿಚ್ಚುತ್ತದೆ, ನಕ್ಷತ್ರ ಜಾಸ್ತಿ ಹೊತ್ತು ಹಿಡಿಯುತ್ತದೆ. ಸುರುಳಿಗೆಂದು ಪರೀಕ್ಷೆ ಮಾಡಿದ ಮದ್ದಿನ ಅಳತೆಯನ್ನು ನಕ್ಷತ್ರಕ್ಕೆ ಹಾಕಿದರೆ ಒತ್ತಡ ಏರುತ್ತದೆ. ಯುರೋಪಿನ ಮಾನದಂಡದಲ್ಲಿ ಸಾಮಾನ್ಯ ಹನ್ನೆರಡು ಬೋರಿನ ಮಿತಿ 740 ಬಾರ್, ಗಾಳಿಯ ಒತ್ತಡದ ಏಳುನೂರು ಪಟ್ಟಿಗೂ ಜಾಸ್ತಿ. ಅಂಥ ಕಡೆ ಸುಮ್ನೆ ಅಂದಾಜು ನಡೆಯಲ್ಲ.

ನಕ್ಷತ್ರದ ಹಳೆ ಕೊಳವೆಗೆ ಸುರುಳಿ ಹಾಕೋರು ಮಡಿಕೆ ಬಿದ್ದ ಅಂಚನ್ನೇ ಕತ್ತರಿಸಿ ಬಿಸಾಡುತ್ತಾರೆ. ಕೆಳಗಿನ ಪ್ಲಾಸ್ಟಿಕ್ ಎಂದೂ ಮಡಚಿರದ್ದು, ತಿರುಗೋ ಉಪಕರಣದ ತಿಕ್ಕಾಟದ ಬಿಸಿಗೆ ನೀಟಾಗಿ ಸುತ್ತಿಕೊಳ್ಳುತ್ತದೆ. 70 ಮಿಲಿಮೀಟರಿನ ಕೊಳವೆ ಹೀಗೆ ಗಿಡ್ಡವಾಗುತ್ತದೆ. ಹಳೆಯ ಇಂಗ್ಲಿಷ್ ಬಂದೂಕುಗಳ ಕೋಣೆ, ಅಂದರೆ ಕಾಡತೂಸು ಕೂರೋ ಜಾಗ, ಎಷ್ಟೋ ಸಲ 65 ಮಿಲಿಮೀಟರಿನದು. ಕಾಡತೂಸಿನ ಮೇಲೆ ಬರೆದ ಉದ್ದ ಬಾಯಿ ಬಿಚ್ಚಿದ ಮೇಲಿನದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ನಕ್ಷತ್ರ ಮಡಚಿದ 70ರದ್ದು ಮುಚ್ಚಿದ್ದಾಗ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಗಿಡ್ಡ, 65ರ ಕೋಣೆಗೆ ಆರಾಮಾಗಿ ಇಳಿಯುತ್ತದೆ. ಹಾರಿದಾಗ ಮಾತ್ರ ಬಿಚ್ಚಿದ ಎಸಳುಗಳು ಕೋಣೆ ದಾಟಿ ಕಿರಿದಾದ ಕಂಠಕ್ಕೆ ಹೋಗಿ ದಾರಿ ಬಿಗಿ ಮಾಡುತ್ತವೆ, ಒತ್ತಡ ಮತ್ತೆ ಏರುತ್ತದೆ. ತಾತನ ಕಾಲದ ಎರಡು ನಳಿಗೆಯ ಬಂದೂಕು ಮನೆಯಲ್ಲಿದ್ದರೆ, ಅಂಗಡಿಯ ಹೊಸ ಕಾಡತೂಸು ಹಾಕುವ ಮುಂಚೆ ಅದರ ಕೋಣೆಯನ್ನು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ಅಳತೆ ಮಾಡಿಸಿ.