ಕರಿ ಅಂಟಿನ ಕೆಳಗಿನ ಮಾರಿಯೊ

ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋದರೆ ಆಟಿಕೆ ಮಳಿಗೆಗಳಲ್ಲಿ ಅಂಗೈ ಅಗಲದ ವಿಡಿಯೋ ಗೇಮ್ ಕಾಣುತ್ತದೆ. ಮೇಲೆ 400 ಆಟ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆನ್ ಮಾಡಿದರೆ ಅದೇ ಮಾರಿಯೊ, ಅದೇ ಕಾಂಟ್ರಾ. ಇನ್ನೊಂದು ಕಡೆ, ಇದೇ ಆಟಗಳನ್ನು ಆಡಿಸುವ ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ ಕೊಟ್ಟು ವಿದೇಶದಿಂದ ತರಿಸಿಕೊಳ್ಳುವವರೂ ಇದ್ದಾರೆ. ಎರಡನ್ನೂ ಮಾರುವವರು ಹೇಳುವುದು ಒಂದೇ ಮಾತು: ಎಮ್ಯುಲೇಟರ್ ಅಲ್ಲ ಸಾರ್, ಹಾರ್ಡ್‌ವೇರ್. ಮೂರನೆಯದೊಂದಿದೆ. ನಿಂಟೆಂಡೊ ಕಂಪನಿ ತಾನೇ 2016ರಲ್ಲಿ ಬಿಟ್ಟ, 30 ಆಟ ತುಂಬಿದ ಪುಟಾಣಿ ಪೆಟ್ಟಿಗೆ. ಅದರೊಳಗೆ ಇರುವುದು ಲಿನಕ್ಸ್ ಓಡಿಸುವ ಒಂದು ಪುಟ್ಟ ಕಂಪ್ಯೂಟರ್. ಹಳೆ ಯಂತ್ರದ ನಡವಳಿಕೆಯನ್ನು ಸಾಫ್ಟ್‌ವೇರ್ ಅನುಕರಿಸುತ್ತದೆ, ಅಷ್ಟೇ. ಎಮ್ಯುಲೇಟರ್ ಅಂದರೆ ಇದೇ.

ಅಂದರೆ ಅಸಲಿ ಕಂಪನಿಯ ಪೆಟ್ಟಿಗೆಯಲ್ಲಿ ಹಳೆ ಹಾರ್ಡ್‌ವೇರ್ ಇಲ್ಲ. ಮೇಳದ ಅಗ್ಗದ ನಕಲಿನಲ್ಲಿ, ಹೆಚ್ಚಿನ ಸಲ, ಒಂದು ರೂಪದಲ್ಲಿ ಇದೆ! ಇದು ಹೇಗಾಯಿತು ಅಂತ ತಿಳಿಯಬೇಕಾದರೆ ನಾಲ್ಕು ದಶಕ ಹಿಂದೆ ಹೋಗಬೇಕು.

ನಿಂಟೆಂಡೊ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಟಿವಿ ಗೇಮ್ ಯಂತ್ರ ಬಿಟ್ಟದ್ದು 1983ರ ಜುಲೈನಲ್ಲಿ. ಅಮೆರಿಕಕ್ಕೆ ಅದು 1985ರಲ್ಲಿ ಎನ್‌ಇಎಸ್ ಎಂಬ ಹೆಸರಲ್ಲಿ ಹೋಯಿತು. ಎರಡೂ ಸೇರಿ ಆರು ಕೋಟಿಗೂ ಜಾಸ್ತಿ ಮಾರಾಟವಾದವು. ಅಮೆರಿಕದಲ್ಲಿ 1995ರಲ್ಲಿ ನಿಂತಿತು, ಜಪಾನಿನಲ್ಲಿ 2003ರವರೆಗೆ ತಯಾರಾಗುತ್ತಲೇ ಇತ್ತು.

ಬಿಚ್ಚಿ ನೋಡಿದರೆ ಒಳಗೆ ಅಂಥ ಗುಟ್ಟೇನಿಲ್ಲ. ರಿಕೋ ಕಂಪನಿ ಮಾಡಿದ ಎರಡು ದೊಡ್ಡ ಐಸಿಗಳು, ಅಂದರೆ ಚಿಪ್ಪುಗಳು, ಮುಖ್ಯ. ಒಂದು 2ಎ03. ಲೆಕ್ಕ ಮಾಡುವುದೂ ಅದೇ, ಸದ್ದು ಹೊರಡಿಸುವುದೂ ಅದೇ. ಇನ್ನೊಂದು 2ಸಿ02. ಚಿತ್ರ ಬಿಡಿಸುವುದು ಅದರ ಕೆಲಸ. ಎರಡಕ್ಕೂ ತಲಾ 2 ಕೆಬಿ ರ‍್ಯಾಮ್ ಬೇರೆ ಬೇರೆ. ಇವುಗಳ ಜೊತೆಗೆ ಮೂರು ನಾಲ್ಕು ಚಿಲ್ಲರೆ ಐಸಿ. ಅವು ಯಾವ ಮಾಹಿತಿ ಯಾವ ಐಸಿಗೆ ಸೇರಬೇಕು ಅಂತ ವಿಂಗಡಿಸುತ್ತವೆ, ಜಾಯ್‌ಸ್ಟಿಕ್ಕಿನ ಗುಂಡಿ ಓದುತ್ತವೆ. ಯಾವ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಸಿಗುತ್ತಿದ್ದ ಮಾಮೂಲಿ 74 ಸರಣಿಯ ಮಾಲು.

ಇಲ್ಲೊಂದು ವಿಷಯ ಹೇಳಲೇಬೇಕು. ಆ 2ಎ03 ಕೂಡ ಪೂರ್ತಿ ಸ್ವಂತದ್ದಲ್ಲ. ಅದರ ಒಳಗಿನ ಲೆಕ್ಕದ ಭಾಗ 1975ರ ಅಮೆರಿಕನ್ 6502 ಚಿಪ್ಪಿನದ್ದೇ ನಕ್ಷೆ. ಸುಮಾರು 3,500 ಟ್ರಾನ್ಸಿಸ್ಟರಿನ ಸರಳ ಚಿಪ್ಪು ಅದು. ರಿಕೋದವರು ಅದರಲ್ಲಿ ದಶಮಾಂಶ ಲೆಕ್ಕ ಮಾಡುವ ಸರ್ಕ್ಯೂಟನ್ನು ಒಳಗೇ ಬಿಟ್ಟು, ಸಂಪರ್ಕ ಮಾತ್ರ ಕಡಿದಿದ್ದಾರೆ. ಆ ಒಂದು ಭಾಗಕ್ಕೆ ಪೇಟೆಂಟ್ ಇತ್ತು, ಅದಕ್ಕೇ ಕಡಿದರು ಅಂತ ಬಹಳ ಜನ ನಂಬುತ್ತಾರೆ. ನಕಲು, ಅಸಲು ಎಂದು ಗೆರೆ ಎಳೆಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಗೆರೆ ಎಳೆಯುವ ಕಾನೂನು ಆಗ ಇರಲೂ ಇಲ್ಲ. ಚಿಪ್ಪಿನ ಒಳನಕ್ಷೆಯನ್ನೇ ಕಾಪಾಡುವ ಕಾನೂನು ಅಮೆರಿಕದಲ್ಲಿ ಬಂದದ್ದು 1984ರಲ್ಲಿ, ಜಪಾನಿನಲ್ಲಿ 1985ರಲ್ಲಿ, ತೈವಾನಿನಲ್ಲಿ 1995ರಲ್ಲಿ. ನಮ್ಮಲ್ಲಿ 2000ದಲ್ಲಿ. ಈ ನಡುವಿನ ವರ್ಷಗಳಲ್ಲಿ ತೈವಾನಿನ ಯುಎಂಸಿ ಕಂಪನಿ 6527 ಎಂಬ ಐಸಿಯನ್ನೂ, ಜೊತೆಗೆ ಚಿತ್ರದ ಐಸಿಯನ್ನೂ ತಯಾರಿಸಿತು. ರಿಕೋ ಐಸಿಗಳ ಜಾಗದಲ್ಲಿ ಕೂರಿಸಿದರೆ ಕೆಲಸ ಮಾಡುವಂಥವು. ಅವನ್ನು ಕೊಂಡು ಪೆಟ್ಟಿಗೆ ಜೋಡಿಸುವವರು ಊರೂರಲ್ಲಿ ಹುಟ್ಟಿಕೊಂಡರು. ರಷ್ಯಾದಲ್ಲಿ 1992ರಲ್ಲಿ ಡೆಂಡಿ ಬಂತು, ಪೋಲೆಂಡಿನಲ್ಲಿ ಪೆಗಾಸಸ್, ಚೀನಾದಲ್ಲಿ ಸುಬೋರ್. ನಮ್ಮಲ್ಲಿ ಮೀಡಿಯಾ, ಆಮೇಲೆ ಇನ್ನೂ ಹತ್ತು ಹೆಸರು.

ಮೈಸೂರು ಮಂಡ್ಯದ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಇವೇ. ನಿಂಟೆಂಡೊ ಹೆಸರು ಹೊತ್ತ ಪೆಟ್ಟಿಗೆ ಕಂಡವರು ಬಹಳ ಕಡಿಮೆ. ದೇವರಾಜ ಅರಸು ರಸ್ತೆಯಲ್ಲೋ ಮಂಡ್ಯದ ಪೇಟೆ ಬೀದಿಯಲ್ಲೋ ಅಪ್ಪನ ಕೈ ಹಿಡಿದು ಕೊಡಿಸಿಕೊಂಡ ಟಿವಿ ಗೇಮು. ಎರಡು ಜಾಯ್‌ಸ್ಟಿಕ್, ಒಂದು ಗನ್, ಹಳದಿ ಬಣ್ಣದ ಕ್ಯಾಸೆಟ್. ಬೇಸಿಗೆ ರಜೆಯಲ್ಲಿ ಕ್ಯಾಸೆಟ್ಟನ್ನು ದಿನಕ್ಕಿಷ್ಟು ಅಂತ ಬಾಡಿಗೆಗೆ ಕೊಡುವ ಅಂಗಡಿಗಳೂ ಇದ್ದವು. ಕೀಬೋರ್ಡು ಸೇರಿಸಿದ ಮಾದರಿಯನ್ನು ಮಕ್ಕಳ ಕಂಪ್ಯೂಟರ್ ಎಂದು ಮಾರಿದರು. ಅಪ್ಪ ಅಮ್ಮಂದಿರು ಟೈಪಿಂಗ್ ಕಲೀತಾನೆ ಅಂದುಕೊಂಡು ಕೊಡಿಸಿದರು. ಮಕ್ಕಳಿಗೆ ಅದರೊಳಗೆ ಏನಿದೆ ಅಂತ ಗೊತ್ತಿತ್ತು.

ಈ ಮೊದಲ ತಲೆಮಾರಿನ ಪೆಟ್ಟಿಗೆ ಕೆಟ್ಟರೆ ರಿಪೇರಿ ಆಗುತ್ತಿತ್ತು. ಬೋರ್ಡಿನ ಮೇಲೆ ಎರಡು ದೊಡ್ಡ ಐಸಿ, ಪಕ್ಕದಲ್ಲಿ ರ‍್ಯಾಮ್, ಎಲ್ಲವೂ ಕಾಲು ಚಾಚಿ ಎದುರಿಗೇ ಕೂತಿರುತ್ತಿದ್ದವು. ಟಿವಿ ರಿಪೇರಿ ಮಾಡುವವರೇ ಇದನ್ನೂ ಮಾಡುತ್ತಿದ್ದರು. ಚಿತ್ರ ಬರುತ್ತೆ, ಬಣ್ಣ ಕಲಸಿಹೋಗಿದೆ ಅಂದರೆ ಚಿತ್ರದ ಕಡೆಯ ರ‍್ಯಾಮ್ ನೋಡುತ್ತಿದ್ದರು. ಜಾಯ್‌ಸ್ಟಿಕ್ ಕೇಳದಿದ್ದರೆ ಚಿಲ್ಲರೆ ಐಸಿ ಬದಲಿಸುತ್ತಿದ್ದರು.

ಆಮೇಲೆ ಬಂತು ಕರಿ ಅಂಟು. ತೊಂಬತ್ತರ ದಶಕ ಕಳೆಯುವಷ್ಟರಲ್ಲಿ ಇಡೀ ಬೋರ್ಡು ಒಂದೇ ಚಿಪ್ಪಿಗೆ ಇಳಿಯಿತು. ವಠಾರದ ಐದಾರು ಸಂಸಾರಗಳನ್ನು ಒಂದೇ ಕೋಣೆಗೆ ತಂದಂತೆ, ಲೆಕ್ಕ, ಸದ್ದು, ಚಿತ್ರ, ಎರಡೂ ರ‍್ಯಾಮ್, ಚಿಲ್ಲರೆ ಐಸಿಗಳು, ಎಲ್ಲ ಸಿಲಿಕಾನಿನ ಒಂದೇ ಚೂರಿನ ಮೇಲೆ. ಆ ಚೂರಿಗೆ ಪ್ಲಾಸ್ಟಿಕ್ ಕವಚವೂ ಇಲ್ಲ, ಕಾಲೂ ಇಲ್ಲ. ನೇರವಾಗಿ ಬೋರ್ಡಿಗೆ ಅಂಟಿಸಿ, ಕೂದಲಿಗಿಂತ ತೆಳುವಾದ ತಂತಿಗಳಿಂದ ಬೆಸೆದು, ಮೇಲೆ ಎಪಾಕ್ಸಿ ಎಂಬ ಕಪ್ಪು ಅಂಟು ಸುರಿದು ಒಣಗಿಸುತ್ತಾರೆ. ಹೊರಗೆ ಉಳಿದದ್ದು ಚಿಪ್ಪಿನ ವೇಗಕ್ಕೆ ತಾಳ ಹಾಕುವ ಒಂದು ಕ್ರಿಸ್ಟಲ್, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್, ಕ್ಯಾಸೆಟ್ಟಿಗೆ 60 ಪಿನ್ನಿನ ಸಾಕೆಟ್ ಮತ್ತು ಟಿವಿಗೆ ಹೋಗುವ ವೈರು.

ತಾಂತ್ರಿಕವಾಗಿ ಇದು ಪವಾಡವಲ್ಲ. 1983ರಲ್ಲಿ ಎರಡು ದೊಡ್ಡ ಐಸಿ ಬೇಕಾಗಿದ್ದ ಸರ್ಕ್ಯೂಟು, ಹತ್ತು ವರ್ಷದ ನಂತರದ ಕಾರ್ಖಾನೆಗೆ ಉಗುರಿನ ಮೂಲೆಯಷ್ಟು ಜಾಗ. ಕುಗ್ಗಿಸಿದಷ್ಟೂ ಒಂದು ಸಿಲಿಕಾನ್ ತಟ್ಟೆಯಲ್ಲಿ ಹೆಚ್ಚು ಚಿಪ್ಪು ಸಿಗುತ್ತವೆ, ಖರ್ಚು ಇಳಿಯುತ್ತದೆ. ದೊಡ್ಡ ಕಂಪನಿಗಳೂ ಇದನ್ನೇ ಮಾಡಿದವು. ಸೋನಿ 2004ರ ತೆಳು ಪ್ಲೇಸ್ಟೇಷನ್ 2ರಲ್ಲಿ ಎರಡು ಮುಖ್ಯ ಚಿಪ್ಪುಗಳನ್ನು ಒಂದಾಗಿಸಿತು. ಮೈಕ್ರೋಸಾಫ್ಟ್ 2010ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಅದನ್ನೇ ಮಾಡಿತು. ಅದಕ್ಕೆ ಪತ್ರಿಕೆಗಳಲ್ಲಿ ಹೊಗಳಿಕೆ ಬಂತು. ಕರಿ ಅಂಟಿನ ಕೆಳಗೆ ಅದೇ ಕೆಲಸ ಮಾಡಿದ ಎಂಜಿನಿಯರುಗಳ ಹೆಸರು ಯಾರಿಗೂ ಗೊತ್ತಿಲ್ಲ.

ಅವರ ಜಾಣತನ ಎಲ್ಲಿದೆ ಅಂತ ನೋಡಬೇಕಾದರೆ ನಮ್ಮ ಟಿವಿಯನ್ನೇ ನೋಡಬೇಕು. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು, ಪ್ರತಿ ಚಿತ್ರಕ್ಕೆ 262 ಗೆರೆ. ನಮ್ಮದು ಪಾಲ್ ಪದ್ಧತಿ: ಸೆಕೆಂಡಿಗೆ 50 ಚಿತ್ರ, 312 ಗೆರೆ. ಜಪಾನಿನ ಆಟಗಳನ್ನು ಬರೆದವರು 262ರ ಲೆಕ್ಕದಲ್ಲಿ, ಒಂದೊಂದು ಗೆರೆಗೆ ಎಷ್ಟು ಹೊತ್ತು ಅಂತ ಎಣಿಸಿ ಬರೆದಿದ್ದಾರೆ. ಯುರೋಪಿಗೆ ನಿಂಟೆಂಡೊ ಬೇರೆ ಚಿಪ್ಪುಗಳನ್ನೇ ಮಾಡಿಸಿತು. ಅವುಗಳ ಲೆಕ್ಕದ ವೇಗವೂ ಚಿತ್ರದ ವೇಗವೂ ಹಳೆ ಅನುಪಾತದಲ್ಲಿ ಇರಲಿಲ್ಲ. ಹಾಗಾಗಿ ಜಪಾನಿನ ಕ್ಯಾಸೆಟ್ ಕೆಲವು ಅಲ್ಲಿ ತಡವರಿಸುತ್ತವೆ. ತೈವಾನಿನವರು ಬೇರೆ ದಾರಿ ಹಿಡಿದರು. ಅನುಪಾತ ಮುಟ್ಟಲಿಲ್ಲ. ಹೆಚ್ಚಾಗಿ ಬಂದ 50 ಗೆರೆಗಳ ಹೊತ್ತು ಚಿಪ್ಪು ಸುಮ್ನೆ ಕಾಯುವಂತೆ ಮಾಡಿದರು. ಅದು ಮುಗಿದ ಮೇಲೆಯೇ ಚಿತ್ರ ಮುಗಿಯಿತು ಅಂತ ಆಟಕ್ಕೆ ಸುದ್ದಿ ಕೊಟ್ಟರು. ಆಟಕ್ಕೆ ತಾನು ಜಪಾನಿನಲ್ಲೇ ಇದ್ದೇನೆ ಅನ್ನಿಸುತ್ತದೆ. ಕ್ಯಾಸೆಟ್ ತಕರಾರಿಲ್ಲದೆ ಓಡುತ್ತದೆ.

ಆದರೆ ನಿಧಾನವಾಗಿ ಓಡುತ್ತದೆ. ಆಟದೊಳಗಿನ ಪ್ರತಿ ಚಲನೆಯೂ ಚಿತ್ರಕ್ಕೊಂದರಂತೆ ನಡೆಯುವುದರಿಂದ ಎಲ್ಲವೂ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ. ಹಾಡೂ ಅಷ್ಟೇ. ಸ್ವರ ಹೆಚ್ಚುಕಡಿಮೆ ಅದೇ, ಯಾಕೆಂದರೆ ಚಿಪ್ಪಿನ ಗಡಿಯಾರ 1.79 ಮೆಗಾಹರ್ಟ್ಸ್‌ನಿಂದ 1.77ಕ್ಕೆ ಮಾತ್ರ ಇಳಿದಿದೆ. ತಾಳ ಮಾತ್ರ ವಿಳಂಬ. ನಾವು ಚಿಕ್ಕಂದಿನಲ್ಲಿ ಕೇಳಿದ ಮಾರಿಯೊ ಸಂಗೀತ ಜಪಾನಿನ ಮಕ್ಕಳು ಕೇಳಿದ್ದಕ್ಕಿಂತ ನಿಧಾನ. ಕಾಂಟ್ರಾದಲ್ಲಿ ನಾವು ತೋರಿಸಿದ ಕೈಚಳಕಕ್ಕೂ ಸ್ವಲ್ಪ ರಿಯಾಯಿತಿ ಇತ್ತು ಅಂತಲೇ ಅರ್ಥ.

ಸದ್ದಿನಲ್ಲಿ ಇನ್ನೊಂದು ಎಡವಟ್ಟಿದೆ. ಈ ಚಿಪ್ಪಿಗೆ ಐದು ಧ್ವನಿ. ಅದರಲ್ಲಿ ಎರಡು ಚೌಕಾಕಾರದ ಅಲೆಗಳು. ಅಲೆ ಎಷ್ಟು ಹೊತ್ತು ಮೇಲಿರಬೇಕು ಅನ್ನುವುದನ್ನು ಆಟ ಹೇಳುತ್ತದೆ: 12.5, 25, 50 ಅಥವಾ 75 ಶೇಕಡಾ. ಬಹಳಷ್ಟು ನಕಲು ಚಿಪ್ಪುಗಳಲ್ಲಿ 25 ಮತ್ತು 50 ಅದಲುಬದಲಾಗಿವೆ. ತೆಳು ಧ್ವನಿ ಬರಬೇಕಾದಲ್ಲಿ ಗುಂಡಗಿನದು, ಗುಂಡಗಿನದು ಬರಬೇಕಾದಲ್ಲಿ ತೆಳು. ಆ ತಪ್ಪು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ದಾಟುತ್ತಾ ಮೇಳದ ಗೇಮಿನವರೆಗೂ ಬಂದಿದೆ. ಕೇಳಿ ಬೆಳೆದವರಿಗೆ ಅದೇ ಸರಿ ಅನ್ನಿಸುತ್ತದೆ. ಅಸಲಿ ಯಂತ್ರದ ಧ್ವನಿ ಕೇಳಿಸಿದರೆ ಇದೇನೋ ಬೇರೆ ಅನ್ನುತ್ತಾರೆ.

ಈ ಚಿಪ್ಪು ಎಷ್ಟು ಅಗ್ಗವಾಯಿತು ಅನ್ನುವುದಕ್ಕೆ 2004ರ ಒಂದು ಪ್ರಸಂಗ ಸಾಕು. ಹಳೆಯ ಅಮೆರಿಕನ್ ವಿಡಿಯೋ ಗೇಮ್ ಕಂಪನಿ ಅಟಾರಿಯ ಹೆಸರಿನಲ್ಲಿ ಫ್ಲಾಶ್‌ಬ್ಯಾಕ್ ಎಂಬ ನೆನಪಿನ ಪೆಟ್ಟಿಗೆ ಮಾರುಕಟ್ಟೆಗೆ ಬಂತು. ಒಳಗೆ ನೋಡಿದರೆ ಇದೇ ನಿಂಟೆಂಡೊ ನಕಲು ಚಿಪ್ಪು. ಅಟಾರಿ ಆಟಗಳನ್ನು ಎದುರಾಳಿಯ ಯಂತ್ರಕ್ಕೆ ಹೊಸದಾಗಿ ಬರೆದು ತುಂಬಿದ್ದರು! ಅಭಿಮಾನಿಗಳು ಬೈದರು. ಮರುವರ್ಷ ಕರ್ಟ್ ವೆಂಡೆಲ್ ಮುಂದಾಳತ್ವದಲ್ಲಿ ಬಂದ ಎರಡನೇ ಫ್ಲಾಶ್‌ಬ್ಯಾಕಿನಲ್ಲಿ ಅಟಾರಿಯ ಹಳೆ ಯಂತ್ರವಾದ 2600ರ ಸರ್ಕ್ಯೂಟನ್ನೇ ಒಂದು ಚಿಪ್ಪಿಗೆ ಇಳಿಸಿದ್ದರು. 2004ರಲ್ಲೇ ಎಂಜಿನಿಯರ್ ಜೆರಿ ಎಲ್ಸ್‌ವರ್ತ್ ಎಂಬತ್ತರ ದಶಕದ ಮನೆ ಕಂಪ್ಯೂಟರಾದ ಕಮೊಡೋರ್ 64 ಅನ್ನು ಒಂದು ಜಾಯ್‌ಸ್ಟಿಕ್ಕಿನೊಳಗೆ ಕೂರಿಸಿದರು. ಅಗ್ಗಕ್ಕಾಗಿ ಕುಗ್ಗಿಸುವುದು ಬೇರೆ, ಹಳೆಯದನ್ನು ಉಳಿಸಲು ಕುಗ್ಗಿಸುವುದು ಬೇರೆ ಎಂಬ ಮಾತು ಜೋರಾದದ್ದು ಈ ಹೊತ್ತಿನಲ್ಲೇ.

ಉಳಿಸುವವರ ಕಥೆ ಬೇಗ ಹೇಳಬಹುದು. 2010ರಲ್ಲಿ ಕೆಲವರು 6502 ಚಿಪ್ಪಿನ ಕವಚ ತೆಗೆದು, ಸೂಕ್ಷ್ಮದರ್ಶಕದಲ್ಲಿ ಫೋಟೋ ಹಿಡಿದು, ಒಂದೊಂದೇ ಟ್ರಾನ್ಸಿಸ್ಟರ್ ಗುರುತಿಸಿ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದರು. ರಿಕೋ ಐಸಿಗಳಿಗೂ ಅದೇ ಉಪಚಾರ ಆಯಿತು. ಆ ತಿಳಿವಳಿಕೆ ಎಫ್‌ಪಿಜಿಎ ಕಡೆ ಹರಿಯಿತು. ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟನ್ನು ಬೇಕಾದಾಗ ಬದಲಿಸಬಹುದಾದ ಚಿಪ್ಪು. 2017ರ ಸುಮಾರಿಗೆ ಶುರುವಾದ ಮಿಸ್ಟರ್ ಯೋಜನೆ ಒಂದೇ ಬೋರ್ಡಿನಲ್ಲಿ ಫ್ಯಾಮಿಕಾಮನ್ನೂ ಇನ್ನೂ ಹಲವು ಯಂತ್ರಗಳನ್ನೂ ಕೂರಿಸುತ್ತದೆ. ಆರಂಭದಲ್ಲಿ ಹೇಳಿದ ದುಬಾರಿ ಯಂತ್ರ ಈ ಜಾತಿಯದ್ದು. ಹಾರ್ಡ್‌ವೇರ್ ಅನ್ನುವ ಮಾತು ಸುಳ್ಳಲ್ಲ. ಆದರೆ ಅದು ಹಳೆ ಹಾರ್ಡ್‌ವೇರ್ ಅಲ್ಲ, ಹಳೆಯದನ್ನು ಓದಿ ಹೊಸದಾಗಿ ಬರೆದದ್ದು.

ಕಾನೂನಿನ ಗಂಟೂ ಇಷ್ಟರಲ್ಲಿ ಅರ್ಧ ಸಡಿಲವಾಗಿದೆ. ಪೇಟೆಂಟಿನ ಅವಧಿ 20 ವರ್ಷ, ಫ್ಯಾಮಿಕಾಮಿನವು ಮುಗಿದು ಎಷ್ಟೋ ಕಾಲವಾಯಿತು. ಚಿಪ್ಪಿನ ನಕ್ಷೆಗೆ ನಮ್ಮ 2000ದ ಕಾಯ್ದೆ ಕೊಡುವ ರಕ್ಷಣೆ 10 ವರ್ಷ. ಹಾಗಾಗಿ ಈಗ ಚಿಪ್ಪು ಮಾಡುವುದಕ್ಕೆ ಅಡ್ಡಿ ಕಡಿಮೆ. ಆಟಗಳ ಮಾತು ಬೇರೆ. ಅವುಗಳ ಕಾಪಿರೈಟ್ ಇನ್ನೂ ದಶಕಗಟ್ಟಲೆ ಇರುತ್ತದೆ. 400 ಆಟದ ಪೆಟ್ಟಿಗೆಯಲ್ಲಿ ತಕರಾರು ಇರುವುದು ಆ 400ರಲ್ಲಿ, ಕರಿ ಅಂಟಿನಲ್ಲಿ ಅಲ್ಲ. ಮಳಿಗೆಯಲ್ಲಿ ಕೂತ ಹುಡುಗನಿಗೆ ಇದನ್ನೆಲ್ಲ ಯಾರು ಹೇಳಿದ್ದಾರೆ?

ಮೈಸೂರಿಗೆ ಈ ಕಥೆ ಪೂರ್ತಿ ದೂರದ್ದೂ ಅಲ್ಲ. ನಂಜನಗೂಡಿನಲ್ಲಿ ಎಟಿ ಅಂಡ್ ಎಸ್ ಕಂಪನಿಯ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆ ಇದೆ. ಬೋರ್ಡು ಜೋಡಿಸುವ ಕೇನ್ಸ್ ಕಂಪನಿ ಮೈಸೂರಿನದ್ದೇ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಫ್‌ಪಿಜಿಎ ಪಾಠವಿದೆ. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆಯಲ್ಲಿ 180 ನ್ಯಾನೊಮೀಟರ್ ಪದ್ಧತಿಯಲ್ಲಿ ವಿದ್ಯಾರ್ಥಿಗಳ ಚಿಪ್ಪೂ ತಯಾರಾಗುತ್ತದೆ. 6502ರಂಥ ಸರ್ಕ್ಯೂಟಿಗೆ ಅದು ಧಾರಾಳ ಸಾಕು. ಆದರೂ ಪ್ರಾಜೆಕ್ಟ್ ಅಂದರೆ ಟ್ರಾಫಿಕ್ ಸಿಗ್ನಲ್ ಕಂಟ್ರೋಲರ್ರೇ ಯಾಕೆ ಬರುತ್ತದೋ.

ರಿಪೇರಿಯವರ ಕಡೆ ಪರಿಸ್ಥಿತಿ ತಿರುಗಿದೆ. ಕರಿ ಅಂಟಿನ ಬೋರ್ಡು ಕೆಟ್ಟರೆ ಅವರು ಕೈ ಹಾಕುವುದಿಲ್ಲ. ಹಾಕಿದರೂ ಪ್ರಯೋಜನವಿಲ್ಲ. ಅಂಟು ಕೆರೆದರೆ ತಂತಿಯೂ ಬರುತ್ತದೆ. ಹೊಸದು ತಗೊಳ್ಳಿ ಅನ್ನುತ್ತಾರೆ. ಅದೇ ಹಳೆ ಎರಡು ಐಸಿಯ ನಕಲು ಬೋರ್ಡು ಗುಜರಿಯಲ್ಲಿ ಸಿಕ್ಕರೆ ಗೊತ್ತಿರುವವರು ಬಿಡುವುದಿಲ್ಲ. ರಿಕೋ ಐಸಿ ಈಗ ಹೊಸದಾಗಿ ಎಲ್ಲೂ ತಯಾರಾಗುವುದಿಲ್ಲ. ಯುಎಂಸಿಯದ್ದಕ್ಕೆ ಕಾಲುಗಳ ಜೋಡಣೆ ಅದೇ. ಹಾಗಾಗಿ ಒಂದು ಕಾಲದ ನಕಲಿನಿಂದ 6527 ಕಿತ್ತು, ಸತ್ತುಹೋದ ಅಸಲಿ ಫ್ಯಾಮಿಕಾಮಿಗೆ ಹಾಕಿ ಓಡಿಸುತ್ತಾರೆ. ಧ್ವನಿ ಸ್ವಲ್ಪ ಬದಲಾಗುತ್ತದೆ, ಅದನ್ನು ಗಿರಾಕಿಗೆ ಮೊದಲೇ ಹೇಳುವುದು ಒಳ್ಳೆಯದು.